ಕವರ್ ತೇಲಿಸಿದ್ದು ಸಾಕಾಗಲ್ಲ

ಪ್ರಶ್ನೆ: ಅಕ್ವೇರಿಯಂಗೆ ಹತ್ತು ಚೆರಿ ಶ್ರಿಂಪ್, ಅಂದರೆ ಪುಟ್ಟ ಕೆಂಪು ಸಿಗಡಿ, ತಂದೆ. ಅಂಗಡಿಯವರು ಹೇಳಿದಂತೆ ಕವರನ್ನು ಅರ್ಧ ಗಂಟೆ ಟ್ಯಾಂಕಿನಲ್ಲಿ ತೇಲಿಬಿಟ್ಟು, ಆಮೇಲೆ ಸುರಿದೆ. ಮೊದಲ ದಿನ ಓಡಾಡಿಕೊಂಡಿದ್ದವು. ಮೂರನೇ ದಿನಕ್ಕೆ ಎಂಟು ಸತ್ತವು. ನೀರು ಶುದ್ಧವಾಗಿರಲಿ ಅಂತ ಆರ್‌ಓ ನೀರನ್ನೇ ತುಂಬಿಸಿದ್ದೆ. ಇದು ಯಾವ ರೋಗ?

ಉತ್ತರ: ರೋಗ ಅಲ್ಲ, ನಿಮ್ಮ ಆರ್‌ಓ ನೀರು. ತಿಂಗಳಿಗೆ ನಾಲ್ಕು ಸಲ ಇದೇ ಪ್ರಶ್ನೆ ಬರುತ್ತದೆ.

ಕವರ್ ತೇಲಿಸಿದರೆ ನೀರಿನ ಬಿಸಿ ಸರಿಹೋಗುತ್ತದೆ, ಅಷ್ಟೇ. ನೀರಲ್ಲಿ ಕರಗಿರುವ ಲವಣ ಎಳ್ಳಷ್ಟೂ ಬದಲಾಗಲ್ಲ. ಅಂಗಡಿ ನೀರಿನ ಟಿಡಿಎಸ್, ಅಂದರೆ ಕರಗಿರುವ ಲವಣದ ಅಳತೆ, 250 ಇದ್ದು ನಿಮ್ಮ ಟ್ಯಾಂಕಿನದು 40 ಇದ್ದರೆ, ಶ್ರಿಂಪಿನ ಮೈಯೊಳಗೆ ಒಮ್ಮೆಲೇ ನೀರು ನುಗ್ಗುತ್ತದೆ. ಆ ಆಘಾತಕ್ಕೆ ಅದು ಹೊತ್ತಲ್ಲದ ಹೊತ್ತಲ್ಲಿ ಪೊರೆ ಬಿಡಲು ಹೊರಡುತ್ತದೆ. ಹೊಸ ಪೊರೆ ಗಟ್ಟಿಯಾಗಲು ಕ್ಯಾಲ್ಸಿಯಂ ಬೇಕು. ಆರ್‌ಓ ನೀರಲ್ಲಿ ಅದೆಲ್ಲಿ? ತಲೆಯ ಹಿಂದೆ ಸುತ್ತಲೂ ಬಿಳಿ ಉಂಗುರದಂತೆ ಬಿರುಕು ಬಿಡುತ್ತದೆ, ಆಚೆ ಬರಲಾಗದೆ ಅಲ್ಲೇ ಸಾಯುತ್ತದೆ. ಮೂರನೇ ದಿನದ ಲೆಕ್ಕ ಇದೇ.

ಮೊದಲು ಟಿಡಿಎಸ್ ಮೀಟರ್ ಕೊಳ್ಳಿ. ಹತ್ತು ಶ್ರಿಂಪಿನ ದುಡ್ಡಿಗೆ ಬರುತ್ತದೆ. ಶ್ರಿಂಪಿಗೆಂದೇ ಸಿಗುವ ಲವಣದ ಪುಡಿ ಹಾಕಿ ಟ್ಯಾಂಕನ್ನು 150ರಿಂದ 250ರೊಳಗೆ ತನ್ನಿ, ಜಿಎಚ್, ಅಂದರೆ ನೀರಿನ ಗಡಸುತನ, 6ರಿಂದ 8 ಇರಲಿ. ಇದಾಗದೆ ಮುಂದಿನ ಕೆಲಸಕ್ಕೆ ಅರ್ಥವಿಲ್ಲ. ಹನಿ ಹನಿಯಾಗಿ ಹೊಂದಿಸಿ ಕೊನೆಗೆ ಬಿಡುವುದು ಖನಿಜವೇ ಇಲ್ಲದ ನೀರಿಗಾದರೆ, ಸಾವು ಎರಡು ದಿನ ಮುಂದೆ ಹೋಗುತ್ತದೆ ಅಷ್ಟೇ.

ಆಮೇಲೆ ಶ್ರಿಂಪನ್ನು ಕವರ್ ನೀರಿನ ಸಮೇತ ಒಂದು ಡಬ್ಬಿಗೆ ಹಾಕಿ ಟ್ಯಾಂಕಿಗಿಂತ ಕೆಳಗೆ ಇಡಿ. ಟ್ಯಾಂಕಿನಿಂದ ಡಬ್ಬಿಗೆ ಇಳಿಬಿಟ್ಟ ಏರ್ ಪೈಪಿಗೆ ಸಡಿಲ ಗಂಟು ಹಾಕಿ, ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಹನಿ ಬೀಳುವಂತೆ ಮಾಡಿ. ಡಬ್ಬಿಯ ನೀರು ಮೂರು ಪಟ್ಟಾಗಬೇಕು. ಎರಡು ಗಂಟೆ ಬೇಕು, ಮೂರಾದರೂ ಪರವಾಗಿಲ್ಲ. ಡಬ್ಬಿ ಮುಚ್ಚಿಡಿ, ಹಾರುತ್ತವೆ. ಕೊನೆಗೆ ಬಲೆಯಲ್ಲಿ ಎತ್ತಿ ಬಿಡಿ, ಡಬ್ಬಿಯ ನೀರು ಟ್ಯಾಂಕಿಗೆ ಬೇಡ.

ಕೊರಿಯರ್‌ನಲ್ಲಿ ಎರಡು ದಿನ ಕೂತು ಬಂದ ಕವರ್ ಆದರೆ, ಬಿಚ್ಚಿದ ಕೂಡಲೇ ಅಮೋನಿಯ ಹಿಡಿದಿಡುವ ಕಂಡೀಷನರ್ ಒಂದು ಹನಿ ಹಾಕಿ. ಕವರ್ ತೆರೆದಾಗ ಒಳಗಿನ ಇಂಗಾಲದ ಡೈಆಕ್ಸೈಡ್ ಹೋಗಿ ಪಿಎಚ್ ಏರುತ್ತದೆ, ಅಲ್ಲಿಯತನಕ ಸುಮ್ಮನಿದ್ದ ಅಮೋನಿಯ ವಿಷವಾಗುತ್ತದೆ. ನಾನೂ ಒಮ್ಮೆ ಕವರ್ ಬಿಚ್ಚಿಟ್ಟು ಊಟಕ್ಕೆ ಕೂತವನೇ. ಎದ್ದು ಬಂದು ನೋಡಿದರೆ ಅರ್ಧ ಅಡ್ಡಬಿದ್ದಿದ್ದವು.

ಪ್ರಶ್ನೆ: ಮುನ್ನೆಚ್ಚರಿಕೆಗೆ ಮೀನಿನ ವೈಟ್ ಸ್ಪಾಟ್ ರೋಗದ ಔಷಧಿ ಎರಡು ಹನಿ ಹಾಕಲಾ?

ಉತ್ತರ: ಇಂಥ ಎಷ್ಟೋ ಔಷಧಿಗಳಲ್ಲಿ ತಾಮ್ರ ಇರುತ್ತದೆ, ಶ್ರಿಂಪಿಗೆ ಅದು ವಿಷ. ಹಾಕಿ ಅಂತ ಹೇಳಿದ ಅಂಗಡಿಯವನನ್ನೇ ಬದಲಾಯಿಸಿ.

ಪ್ರಶ್ನೆ: ಒಂದು ಚಿಟಿಕೆ ಕಲ್ಲುಪ್ಪು?

ಉತ್ತರ: ಸಾರಿಗೆ ಹಾಕಿ.

ಪ್ರಶ್ನೆ: ನಿನ್ನೆ ತಂದು ತುಂಬಿಸಿದ ಟ್ಯಾಂಕಿಗೆ ಇವತ್ತೇ ಬಿಡಬಹುದಾ?

ಉತ್ತರ: ಗಾಜಿನ ಮೇಲೆ ಪಾಚಿ ಕಾಣುವ ತನಕ, ಅಂದರೆ ಕಮ್ಮಿಯೆಂದರೂ ಒಂದು ತಿಂಗಳು, ಅಂಗಡಿ ಕಡೆ ತಲೆ ಹಾಕಬೇಡಿ.

ಪ್ರಶ್ನೆ: ತಳದಲ್ಲಿ ಪಾರದರ್ಶಕವಾದ ಹೆಣ ಬಿದ್ದಿದೆ, ತೆಗೆಯಲಾ?

ಉತ್ತರ: ಅದು ಹೆಣ ಅಲ್ಲ ಮಾರಾಯರೇ, ಪೊರೆ. ಬಿಡಿ, ಅವೇ ತಿನ್ನುತ್ತವೆ.