ಜಾರಿದ ಪಾದ ತಲೆಯಿಂದ ಇಳಿಯುತ್ತಿಲ್ಲ

ಪ್ರಶ್ನೆ: ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು, ವಯಸ್ಸು 21. ಊರಿನ ಕಬಡ್ಡಿ ತಂಡದಲ್ಲಿ ಲೆಫ್ಟ್ ಕಾರ್ನರ್, ಅಂದರೆ ಎಡ ತುದಿಯಲ್ಲಿ ನಿಂತು ಹಿಡಿಯುವವನು. ಕಳೆದ ತಿಂಗಳು ಹೊನಲು ಬೆಳಕಿನ ಪಂದ್ಯಾಟದ ಸೆಮಿಫೈನಲಿನಲ್ಲಿ, ಕೊನೇ ನಿಮಿಷಕ್ಕೆ ನಮ್ಮ ಅಂಗಣಕ್ಕೆ ನುಗ್ಗಿದ ಎದುರಾಳಿ ರೈಡರನ ಪಾದ ಕೈಗೆ ಸಿಕ್ಕಿಯೂ ಜಾರಿಹೋಯಿತು. ಒಂದು ಪಾಯಿಂಟಿನಿಂದ ಸೋತೆವು. ಆಮೇಲಿನ ಎರಡು ಪಂದ್ಯಗಳಲ್ಲೂ ಹಿಡಿಯಲು ಹೋಗುವಷ್ಟರಲ್ಲಿ ಕೈ ತಾನಾಗಿ ಹಿಂದೆ ಬರುತ್ತಿದೆ. ತಂಡದ ಅಣ್ಣಂದಿರು "ಮನಸ್ಸು ಗಟ್ಟಿ ಮಾಡು ಮಾರಾಯ" ಅನ್ನುತ್ತಾರೆ. ಅದನ್ನು ಮಾಡುವುದು ಹೇಗೆ ಸರ್?

ಉತ್ತರ: ಅಣ್ಣಂದಿರ ಮಾತು ತಪ್ಪಲ್ಲ. ಆದರೆ ಹೇಗೆ ಎಂದು ಅವರೂ ಹೇಳಿಲ್ಲ ನೋಡಿ.

ಗಟ್ಟಿ ಮನಸ್ಸು ಎಂದರೆ ಹೆದರಿಕೆಯೇ ಇಲ್ಲದ ಮನಸ್ಸು ಎಂದುಕೊಂಡಿದ್ದರೆ ಅದನ್ನು ಮೊದಲು ಬಿಡಿ. ಗೆದ್ದವರನ್ನು ನೋಡಿ ನಾವು ಆಮೇಲೆ ಅಂಟಿಸುವ ಚೀಟಿಯೂ ಅದಲ್ಲ. 2016ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲೇ ಭಾರತ ಕೊರಿಯಾ ವಿರುದ್ಧ 32–34ರಿಂದ ಸೋತಿತ್ತು. ಫೈನಲಿನಲ್ಲಿ ಇರಾನ್ ಎದುರು ವಿರಾಮದ ಹೊತ್ತಿಗೆ 13–18ರಿಂದ ಹಿಂದಿದ್ದು, ಕೊನೆಗೆ 38–29ರಿಂದ ಗೆದ್ದಿತು. ರೈಡರ್ ಅಜಯ್ ಠಾಕೂರ್ ಒಬ್ಬರೇ 12 ಪಾಯಿಂಟ್ ತಂದರು. ಎಲ್ಲರೂ ಅವರ ಗುಂಡಿಗೆಯನ್ನು ಹೊಗಳಿದೆವು. ಎರಡು ವರ್ಷದ ಬಳಿಕ, 2018ರ ಏಷ್ಯನ್ ಗೇಮ್ಸ್ ಸೆಮಿಫೈನಲಿನಲ್ಲಿ ಅದೇ ಇರಾನ್ ಎದುರು 18–27ರ ಸೋಲು. ಆಗ ನಾಯಕರೂ ಅಜಯ್ ಠಾಕೂರರೇ. ಗುಂಡಿಗೆ ಅಷ್ಟರಲ್ಲಿ ಸಣ್ಣದಾಯಿತೇ?

ನಾನು ನೋಡುವುದು ಸ್ಕೋರನ್ನಲ್ಲ, ತಪ್ಪಾದ ಮೇಲಿನ ಅರ್ಧ ನಿಮಿಷವನ್ನು. ಎದುರಾಳಿಯ ರೈಡ್ ಮುಗಿದ ಕೂಡಲೇ ನಿಮ್ಮ ರೈಡರ್ ಆಚೆ ಹೋಗುತ್ತಾನೆ, ಹೆಚ್ಚೆಂದರೆ 30 ಸೆಕೆಂಡ್. ಆ ಹೊತ್ತು ಕಾರ್ನರಿಗೆ ಕೆಲಸವೇ ಇಲ್ಲ. ಔಟಾಗಿ ಹೊರಗೆ ಕೂತಿದ್ದರಂತೂ ನಿಮ್ಮ ಸರದಿ ಬರುವವರೆಗೆ ಕಾಯಬೇಕು. ಜಾರಿದ ಪಾದ ಮತ್ತೆ ಮತ್ತೆ ಕಣ್ಣಮುಂದೆ ಬರುವುದು ಈ ಬಿಡುವಿನಲ್ಲೇ. ಅದಕ್ಕೇ ಅಲ್ಲಿಗೊಂದು ಕೆಲಸ ಇಟ್ಟುಕೊಳ್ಳಿ: ಅಂಗೈಯನ್ನು ತೊಡೆಗೆ ಒರೆಸಿ, ಉದ್ದಕ್ಕೆ ಒಮ್ಮೆ ಉಸಿರು ಬಿಟ್ಟು, "ಕಾಲು ನೋಡು" ಎಂದು ನಿಮಗೆ ನೀವೇ ಹೇಳಿಕೊಳ್ಳಿ. ತುಳುವೋ ಮಲಯಾಳವೋ, ಮನೆಯಲ್ಲಿ ಯಾವ ಭಾಷೆಯೋ ಅದರಲ್ಲೇ. "ಹೆದರಬೇಡ" ಎಂದು ಮಾತ್ರ ಹೇಳಿಕೊಳ್ಳಬೇಡಿ. ಅದು ಹೆದರಿಕೆಯನ್ನೇ ನೆನಪಿಸುತ್ತದೆ.

ಇನ್ನರ್ಧ ಕೆಲಸ ನಿಮ್ಮದಲ್ಲ, ತಂಡದ್ದು. ಕಾರ್ನರಿನ ಕೈ ಹಿಡಿದು ನಿಲ್ಲುವ ಇನ್ ಆಟಗಾರನನ್ನು ಕೇಳಿ. ನಿಮ್ಮ ಹಿಂಜರಿಕೆ ನಿಮಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ: ಹಿಡಿತ ಸಡಿಲವಾಗುತ್ತದೆ, ಇಲ್ಲವೇ ಬೆರಳು ನೋಯುವಷ್ಟು ಬಿಗಿಯಾಗುತ್ತದೆ. ಅವನೂ ಅನುಮಾನಿಸಿ ಅರೆಮನಸ್ಸಿನಿಂದ ಮುನ್ನುಗ್ಗಿದರೆ ರೈಡರ್ ಇಬ್ಬರನ್ನೂ ಔಟ್ ಮಾಡಿಕೊಂಡು ಗೆರೆ ದಾಟುತ್ತಾನೆ. ಒಬ್ಬನ ಅಳುಕಿಗೆ ಎರಡು ಪಾಯಿಂಟ್! ಆದ್ದರಿಂದ ತಂಡದಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ: ಯಾರದೇ ಹಿಡಿತ ತಪ್ಪಲಿ, ಪಕ್ಕದವನು ಭುಜ ತಟ್ಟಿ "ಮುಂದಿನದ್ದು" ಅನ್ನಬೇಕು, ಅಷ್ಟೇ. "ಎಂತ ಮಾರಾಯ, ಕೈಗೆ ಸಿಕ್ಕಿತ್ತಲ್ಲ" ಎಂಬ ವಿಚಾರಣೆಯೆಲ್ಲ ವಿರಾಮದಲ್ಲಿ. (ಮೈಕ್ ಹಿಡಿದ ವೀಕ್ಷಕ ವಿವರಣೆಕಾರರು ಅಷ್ಟರಲ್ಲಿ ಊರಿಗೆಲ್ಲ ಸಾರಿಬಿಟ್ಟಿರುತ್ತಾರೆ, ಅದು ಬೇರೆ ಮಾತು.)

ಅಭ್ಯಾಸವನ್ನೂ ಬದಲಿಸಿ. ಮೈ ಬಿಸಿಯಿರುವಾಗ ಏಳು ಮಂದಿಯ ನಡುವೆ ನಿಂತು ಹಿಡಿಯುವುದು ದೊಡ್ಡದಲ್ಲ. ಕೊನೆಗೆ, ಎಲ್ಲರೂ ಸುಸ್ತಾದ ಮೇಲೆ, ಮೂವರನ್ನೇ ಅಂಗಣದಲ್ಲಿಟ್ಟು, ಒಂದು ಪಾಯಿಂಟ್ ಹಿಂದಿದ್ದೇವೆ, ಒಂದೇ ನಿಮಿಷ ಉಳಿದಿದೆ ಎಂದು ಆಡಿ. ಮೂವರೇ ಇದ್ದು ಹಿಡಿದರೆ ಅದು ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಪಾಯಿಂಟ್. ಹೊರಗೆ ನಿಂತವರು ಬೊಬ್ಬೆ ಹೊಡೆಯಲಿ. ಹತ್ತರಲ್ಲಿ ಆರು ಸಲ ಜಾರಿದರೂ ಪರವಾಗಿಲ್ಲ. ಕೈ ಮುಂದೆ ಹೋಯಿತೇ ಎಂಬುದನ್ನಷ್ಟೇ ಲೆಕ್ಕ ಇಡಿ, ಸಿಕ್ಕಿತೇ ಎಂಬುದನ್ನಲ್ಲ.

ನಿದ್ದೆಗೆಟ್ಟು, ಊಟ ಸೇರದೆ, ಮೈದಾನದ ಕಡೆ ಮುಖ ಹಾಕಲೂ ಮನಸ್ಸಾಗದೆ ವಾರಗಳು ಕಳೆದರೆ ಅಣ್ಣಂದಿರನ್ನೋ ನನ್ನನ್ನೋ ನಂಬಿ ಕೂರಬೇಡಿ, ವೈದ್ಯರಿಗೆ ತೋರಿಸಿ. ಪತ್ರ ನೋಡಿದರೆ ನೀವು ಅಲ್ಲಿಗೆ ಮುಟ್ಟಿದಂತೆ ಕಾಣುವುದಿಲ್ಲ. ಸೋತ ಮೇಲೂ ಎರಡು ಪಂದ್ಯಕ್ಕೆ ಇಳಿದಿದ್ದೀರಲ್ಲ.