ಅಕ್ಕೋರ ಸೀಟಿ: ಆಟ, ಗ್ಯಾದರಿಂಗ್, ಟ್ರಿಪ್ಪಿನ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಲೆಯ ಕ್ರೀಡಾಕೂಟ, ಗ್ಯಾದರಿಂಗ್ (ವಾರ್ಷಿಕೋತ್ಸವ), ಪ್ರವಾಸದವೇ. ಹೊಸಬರು ಕೇಳುತ್ತಾರೆಂದು ನನ್ನ ಪರಿಚಯ ಎರಡು ಸಾಲಿನಲ್ಲಿ: ಕಲಬುರಗಿ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ದೈಹಿಕ ಶಿಕ್ಷಕಿಯಾಗಿದ್ದೆ, ಮಕ್ಕಳ ಬಾಯಲ್ಲಿ ಪಿ.ಟಿ. ಅಕ್ಕೋರು. ನಿವೃತ್ತಿಯ ದಿನ ಶಾಲು ಹೊದಿಸಿದರು, ಸೀಟಿ ವಾಪಸ್ ಕೇಳುವುದನ್ನು ಮರೆತರು. ಅದು ಈಗಲೂ ನನ್ನ ಹತ್ತಿರವೇ ಇದೆ.

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ತಾಲೂಕು ಕ್ರೀಡಾಕೂಟದಲ್ಲಿ 400 ಮೀಟರ್ ಓಡಿದಳು. ಮೈದಾನ 200 ಮೀಟರ್ ಸುತ್ತಿನದು, ಹಾಗಾಗಿ ಎರಡು ಸುತ್ತು. ಇವಳನ್ನು ಒಳಗಿನ ಮೊದಲ ಗೆರೆಯಲ್ಲಿ ನಿಲ್ಲಿಸಿ, ನಾಲ್ಕನೇ ಗೆರೆಯ ಹುಡುಗಿಯನ್ನು ಎಷ್ಟೋ ಮುಂದೆ ನಿಲ್ಲಿಸಿದರು. ನಾನು ಗದ್ದಲ ಮಾಡಿದೆ, ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಮಗಳಿಗೆ ಮೂರನೇ ಸ್ಥಾನ ಬಂತು. ಇದು ಮೋಸವಲ್ಲವೇ?
— ಒಬ್ಬ ತಂದೆ, ಶಹಾಪುರ

ಅಕ್ಕೋರು: ಮೋಸ ಅಲ್ರಿ ಅಣ್ಣಾರ. ಆದರೆ ನಿಮಗೆ ಕಾರಣ ಹೇಳದೆ ಸುಮ್ಮನೆ ಕೂರಿಸಿದ್ದು ಅವರ ತಪ್ಪು.

ಕಣದಲ್ಲಿ ಹಂತಿ ಹೊಡೆಯುವುದನ್ನು ನೀವು ನೋಡಿರಬೇಕು. ನಡುವಿನ ಕಂಬ ಮೇಟಿಗೆ ಹತ್ತಿರದ ಎತ್ತು ನಿಂತಲ್ಲೇ ತಿರುಗಿದಂತೆ ತಿರುಗುತ್ತದೆ. ಅದೇ ಹೊತ್ತಿಗೆ ಹೊರಗಿನ ಎತ್ತು ಓಡೋಡಿ ಸುತ್ತಬೇಕು. ಓಟದ ಗೆರೆಗಳೂ ಹಾಗೇ. ಒಂದೊಂದು ಗೆರೆಯ ಅಗಲ ಒಂದು ಮೀಟರ್ ಎಂದಿಟ್ಟುಕೊಳ್ಳಿ. ಒಂದೊಂದು ಗೆರೆ ಹೊರಗೆ ಹೋದಂತೆಲ್ಲ ಒಂದು ಸುತ್ತಿಗೆ 6.28 ಮೀಟರ್ ಹೆಚ್ಚುತ್ತದೆ, ಅಂದರೆ ಎರಡು ಸಲ 3.14. ಮೈದಾನ ದೊಡ್ಡದಿರಲಿ ಚಿಕ್ಕದಿರಲಿ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ನೇರ ಹಾದಿ ಎಲ್ಲರಿಗೂ ಒಂದೇ, ಹೆಚ್ಚುವುದು ತಿರುವಿನಲ್ಲಿ ಮಾತ್ರ. ಎರಡು ಸುತ್ತಿಗೆ 12.56 ಆಯಿತು. ನಾಲ್ಕನೇ ಗೆರೆಯ ಹುಡುಗಿ ನಿಮ್ಮ ಮಗಳಿಗಿಂತ ಮೂರು ಗೆರೆ ಆಚೆ. ಕಡೆತನಕ ಎಲ್ಲರೂ ತಮ್ಮ ತಮ್ಮ ಗೆರೆಯಲ್ಲೇ ಓಡಿದ್ದರೆ ಅವಳನ್ನು ಸುಮಾರು 38 ಮೀಟರ್ ಮುಂದೆ ನಿಲ್ಲಿಸಬೇಕು. ಹಾಗೆ ನಿಲ್ಲಿಸದಿದ್ದರೆ ಅವಳ ಅಪ್ಪ ಗದ್ದಲ ಮಾಡಬೇಕಿತ್ತು. ದೊಡ್ಡ ಸ್ಟೇಡಿಯಮ್ಮುಗಳಲ್ಲಿ ಗೆರೆಯ ಅಗಲ 1.22 ಮೀಟರ್, ಅಲ್ಲಿ ಅಂತರ ಇನ್ನೂ ಹೆಚ್ಚು. ಇದಕ್ಕೆ ನಮ್ಮ ಭಾಷೆಯಲ್ಲಿ ಸ್ಟ್ಯಾಗರ್ ಅಂತೀವಿ.

ನಂಬಿಕೆ ಬರದಿದ್ದರೆ ಅಂಗಳದಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿ ಮಗಳ ಜೊತೆಗೇ ಅಳೆದು ನೋಡಿ. ಹತ್ತನೇ ತರಗತಿಯ ಗಣಿತಕ್ಕೂ ಆಗುತ್ತದೆ.

ಒಂದು ಮಾತು ಮಾತ್ರ ನನಗೆ ಬೇಸರ ತಂತು. ಎರಡು ಪುಟದ ಪತ್ರದಲ್ಲಿ ನಿಮ್ಮ ಮಗಳು ಎಷ್ಟು ಹೊತ್ತಿನಲ್ಲಿ ಓಡಿದಳು ಎಂದು ನೀವು ಎಲ್ಲೂ ಬರೆದಿಲ್ಲ. ಸ್ಟಾಪ್‌ವಾಚ್ ಹಿಡಿದವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಎರಡು ಸೆಕೆಂಡ್ ಕಮ್ಮಿಯಾದರೆ, ಐದನೇ ಸ್ಥಾನ ಬಂದರೂ ಮನೆಯಲ್ಲಿ ಹೋಳಿಗೆ ಮಾಡಿಸಿ.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಶಿಕ್ಷಕಿ. ನಮ್ಮ ಶಾಲೆಯ ಗ್ಯಾದರಿಂಗ್ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಹೋದ ವರ್ಷ 26 ಐಟಮ್, ಅದರಲ್ಲಿ 22 ಸಿನಿಮಾ ಕುಣಿತ. ಭಾಷಣಗಳು ಮುಗಿಯುವ ಹೊತ್ತಿಗೆ ಒಂದನೇ ತರಗತಿಯ ಮಕ್ಕಳು ಬಾಡಿಗೆ ಡ್ರೆಸ್ಸಿನಲ್ಲೇ ಮಲಗಿಬಿಟ್ಟಿದ್ದರಂತೆ. ಈ ಸಲ ಹೇಗೆ ಮಾಡಲಿ?
— ಸೇಡಂ ತಾಲೂಕು

ಅಕ್ಕೋರು: ತಂಗಿ, ಮೊದಲು ನನ್ನ ತಪ್ಪು ಕೇಳು.

ಸುಮಾರು ಇಪ್ಪತ್ತು ವರ್ಷದ ಹಿಂದೆ ನಮ್ಮ ಹುಡುಗಿಯರು ಜಿಲ್ಲಾ ಮಟ್ಟದಲ್ಲಿ ಖೋಖೋ ಗೆದ್ದರು. ಜನ ನಡುವೆ ಎದ್ದು ಹೋಗಬಾರದು ಎಂಬ ದುರಾಸೆಗೆ ಬಹುಮಾನ ವಿತರಣೆಯನ್ನು ಕೊನೆಗಿಟ್ಟೆ. ಆರಕ್ಕೆ ಬರಬೇಕಾದ ಅತಿಥಿಗಳು ಎಂಟೂವರೆಗೆ ಬಂದರು. ಐದು ಜನ ಮಾತಾಡಿದರು, ಐವರೂ 'ಎರಡೇ ಮಾತು' ಎಂದು ಶುರು ಮಾಡಿದವರೇ. ಹತ್ತೂವರೆಗೆ ನಾನು ಮೈಕ್ ಹಿಡಿದು ಹನ್ನೆರಡು ಹೆಸರು ಕೂಗಿದೆ. ಬಂದವರು ಮೂವರು. ಉಳಿದ ಒಂಬತ್ತು ಮಂದಿ ತಾಂಡಾದವರು, ಕೊನೆಯ ಟಂಟಂ ಆಟೋ ಹತ್ತಿ ಹೋಗಿಬಿಟ್ಟಿದ್ದರು. ಕ್ಯಾಪ್ಟನ್ನಿನ ಕಪ್ಪನ್ನು ಪಕ್ಕದ ಮನೆಯ ಯಾವುದೋ ಹುಡುಗ ಕಣ್ಣುಜ್ಜಿಕೊಳ್ಳುತ್ತ ಬಂದು ಇಸಕೊಂಡ. ಮರುದಿನ ಪ್ರಾರ್ಥನೆಯಲ್ಲಿ ಮತ್ತೆ ಕೊಡೋಣ ಎಂದರೆ ಆ ಕಪ್ ಆಗಲೇ ಅಲ್ಮಾರಿಯೊಳಗೆ, ಕೀಲಿಕೈ ರಜೆ ಮೇಲೆ ಹೋದವರ ಜೇಬಿನಲ್ಲಿ. ಎಂಟು ದಿನ ಬಿಟ್ಟು ಕೊಟ್ಟೆವು. ಅಷ್ಟರಲ್ಲಿ ಮಕ್ಕಳಿಗೆ ಅದರ ಮೇಲಿನ ಖುಷಿ ಆರಿಹೋಗಿತ್ತು.

ಆ ಮೇಲೆ ಬಹುಮಾನ ಸಂಜೆ ನಾಲ್ಕೂವರೆಗೆ, ಅತಿಥಿಗಳು ಬರುವುದಕ್ಕೂ ಮೊದಲೇ. ಕೊಡುವವರು ಯಾರು? ಬಿಸಿಯೂಟದ ಅಡುಗೆಯವರು. ವರ್ಷವಿಡೀ ಈ ಮಕ್ಕಳಿಗೆ ಉಣಿಸಿದವರು ಅವರೇ ಅಲ್ಲವೇ? ಒಬ್ಬ ಗಣ್ಯರಿಗೆ ಸಿಟ್ಟು ಬಂತು, ಬರಲಿ. ಹೆಸರು ಕೂಗುವಾಗ 'ಉತ್ತಮ ಸಾಧನೆ' ಎಂಬ ಪದವನ್ನು ನಾನು ನಿಷೇಧಿಸಿದ್ದೆ. ಮಗು ಏನು ಮಾಡಿತೋ ಅದನ್ನೇ ಹೇಳಬೇಕು. 'ಈಕೆ ಫೈನಲ್‌ನಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡ್ ಯಾರ ಕೈಗೂ ಸಿಗಲಿಲ್ಲ' ಎಂದು ಹೇಳಿ ನೋಡು, ಹಿಂದಿನ ಸಾಲಿನ ಮುದುಕರು ತಾವಾಗಿಯೇ ಚಪ್ಪಾಳೆ ತಟ್ಟುತ್ತಾರೆ.

ಸಿನಿಮಾ ಹಾಡು ಪೂರಾ ಬಿಡು ಎನ್ನುವವಳು ನಾನಲ್ಲ. ಕುಣಿಯುವ ವಯಸ್ಸು, ನಾಲ್ಕು ಇರಲಿ. ಆದರೆ 22 ಬೇಡ. ಉಳಿದದ್ದಕ್ಕೆ ಮಕ್ಕಳನ್ನು ಮನೆಗೆ ಕಳಿಸು, ಅಜ್ಜಿಯಿಂದಲೋ ಅಜ್ಜನಿಂದಲೋ ಒಂದು ಹಾಡು ತರಲಿ. ನಮ್ಮ ಕಡೆ ಬರ ಮಳೆಗಿದ್ದೀತು, ಹಾಡಿಗಿಲ್ಲ. ಬೀಸುವ ಪದ, ಹಂತಿ ಪದ, ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂನ ರಿವಾಯತ್, ಹಲಗಿ ಬಡಿತದ ಜೊತೆ ಅಲಾಯಿ ಹೆಜ್ಜೆ. ಒಮ್ಮೆ ಐದನೇ ತರಗತಿಯ ಹುಡುಗನೊಬ್ಬ ಅಜ್ಜನ ಹಂತಿ ಪದ ಹಾಡಿದ. ನಡುವೆ ಎತ್ತುಗಳನ್ನು ಗದರುವ 'ಹೋ ಹೋ' ಕೂಡ ಹಾಡಿನ ಭಾಗ ಎಂದು ತಿಳಿದು ಅದನ್ನೂ ರಾಗವಾಗಿ ಎಳೆದ. ಸಭೆಯಲ್ಲಿದ್ದ ಅಜ್ಜ ನಕ್ಕು ನಕ್ಕು ರುಮಾಲಿನಿಂದ ಕಣ್ಣೊರೆಸಿಕೊಂಡರು. ಬಾಡಿಗೆ ಡ್ರೆಸ್ಸಿನ ಖರ್ಚು ಸೊನ್ನೆ.

ಇನ್ನೊಂದು. ಪ್ರತಿಭಾ ಕಾರಂಜಿಯಲ್ಲಿ ಕ್ಲೇ ಮಾಡೆಲಿಂಗ್, ಚಿತ್ರಕಲೆ ಮಾಡಿದ ಮಕ್ಕಳು ಗ್ಯಾದರಿಂಗ್ ದಿನ ಕಾಣಿಸುವುದೇ ಇಲ್ಲ, ಅವರದು ಸ್ಟೇಜಿನ ಕಲೆಯಲ್ಲವಲ್ಲ. ಗೇಟಿನ ಬಳಿ ಎರಡು ಬೆಂಚು ಹಾಕಿ ಅವರು ಮಾಡಿದ ಮಣ್ಣಿನ ಎತ್ತು, ಗಣಪತಿಗಳನ್ನು ಇಡು. ಪಕ್ಕದಲ್ಲಿ ಮಾಡಿದವರನ್ನೇ ಕೂರಿಸು. ಒಳಗೆ ಬರುವ ಜನ ಅವರನ್ನು ಮಾತಾಡಿಸಿಯೇ ಬರಬೇಕು.

ಭಾಷಣಕ್ಕೆ ಮೂರು ನಿಮಿಷ. ಸೀಟಿ ಬೇಕಿದ್ದರೆ ನನ್ನದು ತಗೊಂಡು ಹೋಗು.

ಪ್ರಶ್ನೆ: ನಾನು ಒಂಬತ್ತನೇ ತರಗತಿ. ಎರಡು ವರ್ಷದಿಂದ ಖೋಖೋ ತಂಡದಲ್ಲಿದ್ದೇನೆ, ಆದರೆ ಒಂದು ಮ್ಯಾಚಿನಲ್ಲೂ ಆಡಿಸಿಲ್ಲ. ಈ ಸಲ ತಂಡದ ಫೋಟೋದಲ್ಲೂ ನಾವು ಮೂವರು ಇಲ್ಲ. ಬಿಟ್ಟುಬಿಡಲೇ?
— ಬೀದರ್

ಅಕ್ಕೋರು: ಮಗಳ, ನಾನೂ ಶಾಲೆಯಲ್ಲಿ ಕಾಯಂ ಹನ್ನೊಂದನೆಯವಳೇ. ಎಲ್ಲರ ಚಪ್ಪಲಿ, ನೀರಿನ ಬಾಟಲಿ ಕಾಯುವ ಕೆಲಸ ನನ್ನದು. ಅದರ ಉರಿ ನನಗೆ ಗೊತ್ತು.

ಫೋಟೋ ವಿಷಯದಲ್ಲಿ ತಪ್ಪು ಸಂಪೂರ್ಣ ದೊಡ್ಡವರದು. ಖೋಖೋ ತಂಡವೆಂದರೆ ಹನ್ನೆರಡು ಜನ, ಕಣಕ್ಕಿಳಿಯುವವರು ಒಂಬತ್ತು. ಹನ್ನೆರಡೂ ಹೆಸರು ಪಟ್ಟಿಯಲ್ಲಿರುತ್ತವೆ, ಫೋಟೋದಲ್ಲೂ ಇರಬೇಕು. 'ಸರ, ಇನ್ನೊಂದು ಫೋಟೋ ತೆಗೀರಿ, ನಾವು ಮೂವರು ಉಳಿದೀವಿ' ಎಂದು ನೀವೇ ಹೋಗಿ ಕೇಳಿ. ಈಗ ಕ್ಯಾಮೆರಾ ರೀಲಿನ ಖರ್ಚೂ ಇಲ್ಲ.

ಆಡಿಸುವ ವಿಷಯ ಬೇರೆ. ಅದಕ್ಕೆ ಅಳುತ್ತ ಹೋಗಬೇಡ. 'ನಾ ಯಾವುದರಾಗ ಕಮ್ಮಿ ಇದ್ದೀನ್ರಿ ಸರ?' ಎಂದು ಕೇಳು. ಕಂಬ ಹಿಡಿದು ತಿರುಗುವುದರಲ್ಲೋ, ಖೋ ಸಿಕ್ಕ ಕೂಡಲೇ ಏಳುವುದರಲ್ಲೋ, ಮೂವರ ಗುಂಪಿನಲ್ಲಿ ಕಡೆಯವಳಾಗಿ ಉಳಿದಾಗ ಗಾಬರಿಯಾಗುವುದರಲ್ಲೋ? ಒಂದು ಹೆಸರು ಹೇಳಿದರೆ ಅದನ್ನು ತಿಂಗಳು ಮಾಡು. ಹೇಳದೆ ಹಾರಿಕೆಯ ಉತ್ತರ ಕೊಟ್ಟರೆ ನನಗೆ ಮತ್ತೆ ಬರೆ. ಅಲ್ಲಿಯತನಕ ಹೊರಗೆ ಕೂತಾಗ ಒಂದು ನೋಟ್‌ಬುಕ್ ಹಿಡಿ. ನಿಮ್ಮವರು ಒಬ್ಬೊಬ್ಬರು ಎಷ್ಟು ಸೆಕೆಂಡ್ ನಿಂತರು, ಯಾವ ಚೌಕದ ಹತ್ತಿರ ಔಟಾದರು ಎಂದು ಬರೆ. ನನ್ನ ರಿಸರ್ವ್ ಹುಡುಗಿಯರಿಗೆ ನಾನು ಇದನ್ನೇ ಮಾಡಿಸುತ್ತಿದ್ದೆ. ಅವರ ಪುಸ್ತಕ ನೋಡದೆ ಒಂದೂ ಮ್ಯಾಚಿಗೆ ತಂಡ ಆರಿಸಿದವಳಲ್ಲ ನಾನು.

ಪ್ರಶ್ನೆ: ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಶಿಕ್ಷಕರು ಮೈಸೂರು ಕಡೆ ನಾಲ್ಕು ದಿನದ ಪ್ರವಾಸ ಅಂತಿದ್ದಾರೆ. ನಮ್ಮಲ್ಲಿ ಅರ್ಧ ಮಕ್ಕಳ ಮನೆಯಲ್ಲಿ ಆ ದುಡ್ಡಿಲ್ಲ, ಅವರ ಅಪ್ಪ ಅಮ್ಮ ದುಡಿಯಲಿಕ್ಕೆ ಮುಂಬೈ, ಪುಣೆಗೆ ಹೋದವರು. ಹೋಗದ ಮಕ್ಕಳು ನಾಲ್ಕು ದಿನ ಖಾಲಿ ಕ್ಲಾಸಿನಲ್ಲಿ ಕೂರುತ್ತಾರೆ. ಏನು ಮಾಡುವುದು?
— ಜೇವರ್ಗಿ ತಾಲೂಕು

ಅಕ್ಕೋರು: ಅರ್ಧ ಶಾಲೆ ಹೋಗುವ ಟ್ರಿಪ್ಪು ಶಾಲೆಯ ಟ್ರಿಪ್ಪಲ್ಲ. ಮೀಟಿಂಗಿನಲ್ಲಿ ಇದನ್ನೇ ಹೇಳಿ, ನನ್ನ ಹೆಸರು ಹೇಳಿದರೂ ಅಡ್ಡಿಯಿಲ್ಲ.

ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ಬರುವ ಜಾಗ ನಮಗೆ ಕಮ್ಮಿಯೇ? ಸನ್ನತಿಗೆ ಹೋಗಿ. ಭೀಮಾ ದಂಡೆ, ಚಂದ್ರಲಾಂಬಾ ದೇವಿಯ ಗುಡಿ. ಅಲ್ಲಿಯ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಮೂರ್ತಿ ಒಡೆಯಿತು. ಅದರ ಪೀಠಕ್ಕೆ ಹಾಕಿದ್ದ ಕಲ್ಲು ನೋಡಿದರೆ ಅಶೋಕನ ಶಾಸನ! ಎಷ್ಟು ಶತಮಾನ ಜನ ಅದರ ಮೇಲೆ ಹೂ ಏರಿಸಿದ್ದರೋ. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ ಅಗೆದಾಗ ರಾಜ ರಾಣಿಯರ ಉಬ್ಬುಶಿಲ್ಪ ಸಿಕ್ಕಿತು, ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರೇ ಇದೆ. ಪುಸ್ತಕದಲ್ಲಿ ಅಶೋಕ ದೂರದ ಪಾಟಲಿಪುತ್ರದವನು, ಇಲ್ಲಿ ನಮ್ಮ ಹೊಲದ ಬದುವಿನ ಆಚೆಯವನು. ನಾನು ಕರೆದೊಯ್ದ ಹುಡುಗನೊಬ್ಬ ಕೇಳಿದ್ದ: 'ಅಕ್ಕೋರೇ, ಅವರಿಗೆ ಜ್ವಾಳದ ರೊಟ್ಟಿ ಗೊತ್ತಿತ್ತೇನ್ರಿ?' ನನಗೆ ಉತ್ತರ ಬರಲಿಲ್ಲ.

ಇನ್ನೊಂದು ವರ್ಷ ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ಆಸ್ಥಾನ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಕೃತಿ ಕವಿರಾಜಮಾರ್ಗ ಹುಟ್ಟಿದ್ದು 9ನೇ ಶತಮಾನದಲ್ಲಿ, ಆ ಆಸ್ಥಾನದಲ್ಲೇ. ಕಾಗಿಣಾ ದಂಡೆಯಲ್ಲಿ ಕೋಟೆ ನೋಡಿ ಅಲ್ಲೇ ಬುತ್ತಿ ಬಿಚ್ಚಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಸಾಕು. ಎಣ್ಣೆ ತಿಂಡಿ ಬೇಡ, ಬಸ್ಸಿನಲ್ಲಿ ವಾಂತಿ ಬಳಿಯುವುದು ನನ್ನಂಥವರೇ.

ಸ್ವಲ್ಪ ದುಡ್ಡು ಕೂಡಿದರೆ ಬೀದರ್, ಅದೂ ರೈಲಿನಲ್ಲಿ. 2017ರಿಂದ ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹಳಿ ಇದೆ, ದಾರಿಯಲ್ಲಿ ಸುರಂಗ ಬರುತ್ತದೆ. ಸುರಂಗದ ಕತ್ತಲಲ್ಲಿ ಮಕ್ಕಳು ಹಾಕುವ ಕೇಕೆಗೆ ಟಿಕೆಟ್ ದುಡ್ಡು ವಸೂಲು. ಅಲ್ಲಿ 1472ರ ಮಹಮೂದ್ ಗವಾನನ ಮದರಸಾ ನೋಡಿಸಿ. ಮದ್ದಿನ ಸ್ಫೋಟಕ್ಕೆ ಒಂದು ಭಾಗ ಹಾರಿಹೋದರೂ ಉಳಿದ ಗೋಡೆಯಲ್ಲಿ ಬಣ್ಣದ ಹೆಂಚಿನ ಚೂರುಗಳು ಇನ್ನೂ ಇವೆ. ಮಕ್ಕಳಿಗೆ ಹೇಳಿ, ಇದೂ ಒಂದು ಶಾಲೆಯೇ ಆಗಿತ್ತು. ಬಿದ್ರಿ ಕೆಲಸಗಾರರ ಅಂಗಡಿಯಲ್ಲಿ ಅರ್ಧ ತಾಸು ನಿಲ್ಲಿಸಿ. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಹಳೆ ಮಣ್ಣಿಗೆ ನವಸಾಗರ ಬೆರೆಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಕಣ್ಣೆದುರೇ ಕಪ್ಪಾಗುವುದನ್ನು ನೋಡಿದ ಮಗು ರಸಾಯನಶಾಸ್ತ್ರ ಮರೆಯುವುದಿಲ್ಲ.

ಪಾಲಕರ ಒಪ್ಪಿಗೆ ಪತ್ರ, ಇಲಾಖೆಯ ಅನುಮತಿ, ಜೊತೆಗೆ ಶಿಕ್ಷಕಿಯರು, ಕತ್ತಲಾಗುವ ಮೊದಲೇ ಊರು: ಇವುಗಳಲ್ಲಿ ರಾಜಿ ಬೇಡ. ಬಂದ ಮೇಲೆ ಪ್ರಬಂಧ ಬರೆಸಬೇಡಿ ದಯವಿಟ್ಟು. ದಿನಕ್ಕೆ ಮೂವರಂತೆ ಪ್ರಾರ್ಥನೆಯಲ್ಲಿ ನಿಂತು ತಾವು ಕಂಡ ಒಂದೊಂದು ವಸ್ತು ಹೇಳಲಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಕೊನೆಕೊನೆಗೆ ನಿಲ್ಲುವ ಮಕ್ಕಳು ಯಾರೂ ನೋಡದ್ದನ್ನು ಹೇಳುತ್ತಾರೆ.

ಪ್ರಶ್ನೆ: ಗೆದ್ದ ಮಕ್ಕಳ ಫೋಟೋ, ಹೆಸರು, ಊರು ಎಲ್ಲ ಹಾಕಿ ವಾಟ್ಸಾಪ್ ಸ್ಟೇಟಸ್ ಇಡುವುದು ಸರಿಯೇ?
— ಯಾದಗಿರಿ

ಅಕ್ಕೋರು: ಪಾಲಕರ ಗ್ರೂಪಿನಲ್ಲಿ ಹಾಕಿ, ಅವರನ್ನು ಕೇಳಿ ಹಾಕಿ. ಊರವರಿಗೆಲ್ಲ ಕಾಣುವ ಕಡೆ ಹೆಣ್ಣುಮಕ್ಕಳ ಹೆಸರು, ಊರು, ಮುಖ ಮೂರೂ ಒಟ್ಟಿಗೆ ಬೇಡ. ಶಾಲೆಯ ನೋಟಿಸ್ ಬೋರ್ಡಿನಲ್ಲಿ ಎಷ್ಟು ದೊಡ್ಡದಾಗಿ ಬೇಕಾದರೂ ಬರೆಯಿರಿ.

ಪ್ರಶ್ನೆ: ಜಿಲ್ಲಾ ಮಟ್ಟದ ಪ್ರಮಾಣಪತ್ರದಲ್ಲಿ ನನ್ನ ತಮ್ಮನ ಹೆಸರು ತಪ್ಪಾಗಿದೆ, ಅಪ್ಪನ ಹೆಸರಿನ ಜಾಗ ಖಾಲಿ. 'ಇರಲಿ ಬಿಡು' ಅಂತಾರೆ. ಬಿಡಬೇಕೇ?
— ಆಳಂದ

ಅಕ್ಕೋರು: ಬಿಡಬೇಡ. ಇವತ್ತೇ ಅರ್ಜಿ ಬರೆದು ಮುಖ್ಯ ಗುರುಗಳ ಸಹಿ ಮಾಡಿಸಿ, ಶಾಲೆಯ ದಾಖಲೆಯಲ್ಲಿರುವ ಹೆಸರಿನ ನಕಲು ಲಗತ್ತಿಸಿ, ಪ್ರಮಾಣಪತ್ರ ಕೊಟ್ಟ ಕಚೇರಿಗೇ ಕೊಡು. ಒಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೋ. ತಡವಾದಷ್ಟೂ ಕಷ್ಟ, ಆ ವರ್ಷದ ಪಟ್ಟಿ ಯಾವ ಗಂಟಿನಲ್ಲಿ ಹೋಯಿತೋ ಆಮೇಲೆ ಯಾರಿಗೂ ಗೊತ್ತಿರುವುದಿಲ್ಲ. ನೀನಾಗಿ ಪೆನ್ನಿನಿಂದ ತಿದ್ದಬೇಡ, ಮತ್ತೆ ಅದು ಎಲ್ಲೂ ನಡೆಯುವುದಿಲ್ಲ.

ಇದನ್ನು ಓದುತ್ತಿರುವ ಪಿ.ಟಿ. ಶಿಕ್ಷಕರಿಗೆ: ಪ್ರಮಾಣಪತ್ರ ತುಂಬುವ ಮುಂಚೆ ಒಂದು ಹಾಳೆಯ ಮೇಲೆ ಪ್ರತಿ ಮಗುವಿನ ಕೈಯಿಂದಲೇ ಅದರ ಹೆಸರು ಬರೆಸಿಕೊಳ್ಳಿ. ಹತ್ತು ನಿಮಿಷದ ಕೆಲಸ. ನಾನು ಮೊದಲ ಸಲ ಹಾಗೆ ಮಾಡಿದಾಗ, ಮೂರು ವರ್ಷದಿಂದ 'ರೇಣುಕಾ' ಎಂದು ಕೂಗುತ್ತಿದ್ದ ಹುಡುಗಿ 'ರೇಣಮ್ಮ' ಎಂದು ಬರೆದು ಹಾಳೆ ಕೈಗಿಟ್ಟಳು. 'ಮೊದಲೇ ಯಾಕ ಹೇಳಲಿಲ್ಲವ್ವಾ?' ಎಂದೆ. 'ನೀವು ಸೀಟಿ ಊದಿದ್ರ ನಾ ಬರತಿದ್ನೆಲ್ರಿ' ಅಂದಳು.