ಫೋಟೊದಲ್ಲಿರುವ ಮುಖ ನನ್ನದಲ್ಲ ಎನ್ನಿಸುತ್ತದೆ

ಪ್ರಶ್ನೆ: ನನಗೆ 24 ವರ್ಷ, ಎಣ್ಣೆಗೆಂಪು ಬಣ್ಣ. ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಬಯೋಡೇಟಾಕ್ಕೆಂದು ತೆಗೆಸಿದ ಫೋಟೊವನ್ನು ಸ್ಟುಡಿಯೊದವರು ಬೆಳ್ಳಗೆ ಮಾಡಿ, ಮೂಗನ್ನೂ ತೆಳ್ಳಗಾಗಿಸಿ ಕೊಟ್ಟರು. ನೋಡಲು ಬಂದ ಮನೆಯವರು ‘ಫೋಟೊದಲ್ಲಿ ಹೀಗಿರಲಿಲ್ಲ’ ಎಂದು ಎದ್ದುಹೋದರು. ಆಮೇಲೆ ಚಿಕ್ಕಮ್ಮ ಔಷಧ ಅಂಗಡಿಯಿಂದ ತಂದುಕೊಟ್ಟ ಕ್ರೀಮನ್ನು ನಾಲ್ಕು ತಿಂಗಳಿನಿಂದ ಹಚ್ಚುತ್ತಿದ್ದೇನೆ. ಮೊದಲು ಬೆಳ್ಳಗಾಯಿತು, ಈಗ ಒಂದು ದಿನ ಬಿಟ್ಟರೂ ಮುಖ ಕೆಂಪೇರಿ ಉರಿಯುತ್ತದೆ. ಸೆಲ್ಫಿಯಲ್ಲಿ ಮೂಗೊಂದೇ ಕಾಣುತ್ತದೆ. ಕನ್ನಡಿ ನೋಡಲೂ ಮನಸ್ಸಿಲ್ಲ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಕ್ರೀಮಿನ ವಿಚಾರ, ಏಕೆಂದರೆ ಅದು ಕಾಯುವಂಥದ್ದಲ್ಲ. ಟ್ಯೂಬಿನ ಮೇಲೆ ಮೊಮೆಟಾಸೋನ್, ಬೆಟಾಮೆಥಾಸೋನ್ ಅಥವಾ ಕ್ಲೋಬೆಟಾಸಾಲ್ ಎಂಬ ಹೆಸರಿದೆಯೇ ನೋಡಿ. ಇದ್ದರೆ ಅದು ಸ್ಟಿರಾಯ್ಡ್. ಬಂಗು, ಇಸಬು ಮುಂತಾದ ತೊಂದರೆಗಳಿಗೆ ವೈದ್ಯರು ಕೆಲವೇ ವಾರಗಳ ಮಟ್ಟಿಗೆ ಬರೆದುಕೊಡುವ ಇಂಥ ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂಬ ನಿಯಮ 2018ರಲ್ಲಿ ಬಿಗಿಯಾಯಿತಾದರೂ, ‘ಬೆಳ್ಳಗಾಗುವ ಕ್ರೀಮ್’ ಎಂದು ಕೇಳಿದವರಿಗೆ ಅವು ಇಂದಿಗೂ ಸಿಗುತ್ತಿವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ಬಿಟ್ಟೊಡನೆ ಉರಿ ಕೆರಳುತ್ತದೆ. ಆದ್ದರಿಂದ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಹಾಗೆಂದು ವೈದ್ಯರನ್ನು ಕೇಳದೆ ಹೀಗೇ ಹಚ್ಚುತ್ತಲೂ ಇರಬೇಡಿ. ಇದೇ ವಾರ ಟ್ಯೂಬನ್ನು ಕೈಯಲ್ಲೇ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿ ಹೋಗಿ. ಚಿಕ್ಕಮ್ಮನ ಮೇಲೆ ಸಿಟ್ಟು ಬೇಡ, ಅವರು ಪ್ರೀತಿಯಿಂದಲೇ ತಂದಿದ್ದಾರೆ.

ಇನ್ನು ಮೂಗು. ಕೈಯಳತೆಯಲ್ಲಿ ಹಿಡಿದ ಫೋನಿಗೆ ಕಿವಿಗಿಂತ ಮೂಗು ತೀರಾ ಹತ್ತಿರವಿರುತ್ತದೆ, ಹತ್ತಿರವಿದ್ದದ್ದು ದೊಡ್ಡದಾಗಿ ಬೀಳುತ್ತದೆ. ಐದು ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ ಒಂದು ಅಡಿಯಿಂದ ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ ಸುಮಾರು ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ನಿಮ್ಮನ್ನು ಎದುರು ಕೂತು ನೋಡುವ ಯಾರಿಗೂ ಆ ಮೂಗು ಕಾಣುವುದಿಲ್ಲ.

ನನ್ನ ತಾಯಿಯ ಮದುವೆಗೆ ಮುಂಚಿನ ಕಪ್ಪು-ಬಿಳುಪು ಫೋಟೊವೊಂದು ನನ್ನ ಬಳಿ ಇದೆ. ಅವರ ಎಡಗೆನ್ನೆಯ ಮೇಲಿದ್ದ ಸಿಡುಬಿನ ಕಲೆ ಅದರಲ್ಲಿಲ್ಲ. ಆಗಿನ ಸ್ಟುಡಿಯೊದವರು ನೆಗೆಟಿವ್ ಮೇಲೆ ಪೆನ್ಸಿಲಿನಿಂದ ತಿದ್ದಿ ಕಲೆ ಮರೆಸುತ್ತಿದ್ದರು. ಆದರೆ ಅದು ಗೋಡೆಯ ಮೇಲಿನ ಒಂದೇ ಫೋಟೊ. ಅಮ್ಮ ದಿನವೂ ನೋಡುತ್ತಿದ್ದದ್ದು ಕನ್ನಡಿಯನ್ನು, ಅಕ್ಕಪಕ್ಕದ ಹೆಂಗಸರ ಮುಖಗಳನ್ನು. ಅವೆಲ್ಲದರಲ್ಲೂ ಏನಾದರೊಂದು ಕಲೆಯಿತ್ತು. ನಿಮ್ಮ ತಲೆಮಾರಿನವರ ಕಣ್ಣಿಗಾದರೋ ಬೆಳಗಿನಿಂದ ಮಲಗುವವರೆಗೆ ತಿದ್ದಿದ ಮುಖಗಳೇ ಬೀಳುತ್ತವೆ. ಎಷ್ಟೋ ಫೋನುಗಳು ನೀವು ಕೇಳದೆಯೇ ಚರ್ಮವನ್ನು ನಯವಾಗಿಸಿಬಿಡುತ್ತವೆ. ಹೀಗಿರುವಾಗ ತಿದ್ದದ ನಿಮ್ಮದೇ ಮುಖ ನಿಮಗೆ ಅಪರಿಚಿತವೆನ್ನಿಸಿದರೆ ಅದು ನಿಮ್ಮ ದೌರ್ಬಲ್ಯವಲ್ಲ.

ಬಿಳುಪಿನ ಹಂಬಲವನ್ನು ಪೇಟೆಯೊಂದೇ ಹುಟ್ಟಿಸಲಿಲ್ಲ ನಿಜ, ಆದರೆ ಚೆನ್ನಾಗಿ ಸಾಕಿತು. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ ತನ್ನ ಹೆಸರಿನಿಂದ ‘ಫೇರ್’ ಎಂಬುದನ್ನು ಕೈಬಿಡಲು 2020 ಬರಬೇಕಾಯಿತು. ನಮ್ಮ ಅಜ್ಜಿಯಂದಿರು ಮಾತ್ರ ಹುಡುಗಿಯನ್ನು ಮೆಚ್ಚಿದಾಗ ‘ಲಕ್ಷಣವಾಗಿದ್ದಾಳೆ’ ಎನ್ನುತ್ತಿದ್ದರು. ಆ ಮಾತಿನಲ್ಲಿ ಬಣ್ಣದ ಸುದ್ದಿಯೇ ಇಲ್ಲ, ಗಮನಿಸಿ.

ಬಂದವರು ಎದ್ದುಹೋದದ್ದು ನಿಮಗೆ ಅವಮಾನವೆನ್ನಿಸಿದೆ. ಆದರೆ ಅವರು ಹೋಲಿಸಿದ್ದು ಸ್ಟುಡಿಯೊದ ಕಂಪ್ಯೂಟರಿನಲ್ಲಿ ತಯಾರಾದ ಮುಖದೊಂದಿಗೆ, ಆ ಹೋಲಿಕೆಯಲ್ಲಿ ಯಾವ ಹುಡುಗಿಯೂ ಗೆಲ್ಲಲಾರಳು. ಚರ್ಮದ ಉರಿ ಇಳಿದ ಮೇಲೆ, ಬೆಳಗಿನ ಹೊತ್ತು ಕಿಟಕಿಯ ಪಕ್ಕದಲ್ಲಿ ನಿಂತು, ಐದಾರು ಅಡಿ ದೂರದಿಂದ ಗೆಳತಿಯೊಬ್ಬಳ ಕೈಯಲ್ಲಿ ಹೊಸ ಫೋಟೊ ತೆಗೆಸಿ, ಏನನ್ನೂ ತಿದ್ದದೆ ಅದನ್ನೇ ಕಳುಹಿಸಲು ತಂದೆತಾಯಿಗೆ ಹೇಳಿ. ಬಯೋಡೇಟಾದಲ್ಲಿ ಬಣ್ಣದ ಸಾಲಿದ್ದರೆ ಅದನ್ನು ತೆಗೆಸಿಹಾಕಿ. ಅದನ್ನು ಕೇಳಿ ಯಾರಾದರೂ ಫೋನು ಮಾಡಿದರೆ, ಆ ಮನೆಯ ಬಗ್ಗೆ ನಿಮಗೆ ತಿಳಿಯಬೇಕಾದದ್ದು ಅಲ್ಲೇ ತಿಳಿಯುತ್ತದೆ.

ವೈದ್ಯರು ಏನೆಂದರು ಎಂಬುದನ್ನು ತಪ್ಪದೆ ನನಗೆ ಬರೆಯಿರಿ.